ಬೀಗ ಕೇಳಿದರೆ ಕೀಲಿಕೈ ಕಳಿಸಿದ್ದೆ

ಸಾಗರ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಇಷ್ಟೇ ಕೆಲಸ. ಪೇಜ್‌ಮೇಕರ್, ಕೋರೆಲ್ ಡ್ರಾ, ನುಡಿ ಈ ಮೂರು ಬಿಟ್ಟು ಕಂಪ್ಯೂಟರಿನಲ್ಲಿ ಮತ್ತೇನಿದೆ ಅಂತ ಇಣುಕಿ ನೋಡಿದವನಲ್ಲ.

ಅಕ್ಕನ ಮಗ ಇಂಜಿನಿಯರಿಂಗ್ ಓದುವಾಗ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದ. ಕಾರ್ಡಿನ ಮಾದರಿಗಳೆಲ್ಲ ಅದರಲ್ಲಿ ಕಾಣುತ್ತವೆ. ಗಿರಾಕಿಗಳು ಮನೆಯಲ್ಲೇ ಕೂತು ನೋಡಿ, ಕಾರ್ಡಿನ ನಂಬರ್ ಹೇಳಿ ಫೋನ್ ಮಾಡುತ್ತಾರೆ. ಅದು ಎಲ್ಲಿ ಕೂತಿದೆ, ಹೇಗೆ ನಡೆಯುತ್ತೆ ಅಂತ ನಾನು ಕೇಳಿರಲಿಲ್ಲ. ತಿಂಗಳ ಬಾಡಿಗೆ ಕಟ್ಟುತ್ತಿದ್ದೆ, ಅಷ್ಟೇ. ಆಮೇಲೆ ಅವನು ಎಂ.ಎಸ್. ಓದಲು ಜರ್ಮನಿಗೆ ಹೋದ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಹೊರಗೆ ಧೋ ಅಂತ ಮಳೆ, ಸೈಟು ತೆರೆಯಲಿಲ್ಲ. ಹುಡುಗನಿಗೆ ಮೆಸೇಜ್ ಹಾಕಿದೆ. ಅಲ್ಲಿ ಆಗಿನ್ನೂ ಬೆಳಗಿನ ಜಾವ. ನಮಗೂ ಅವರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಎದ್ದು ನೋಡಿ ಹತ್ತೇ ನಿಮಿಷದಲ್ಲಿ ಸರಿ ಮಾಡಿದ. ದಿನಾ ಒಂದು ಬ್ಯಾಕಪ್ ತಾನಾಗೇ ಆಗೋ ಹಾಗೆ ಮಾಡಿಟ್ಟಿದ್ದನಂತೆ, ಹಳೇದನ್ನ ಅಳಿಸುವ ವ್ಯವಸ್ಥೆ ಮಾಡೋದು ಮರೆತಿದ್ದನಂತೆ. ಡಿಸ್ಕ್ ತುಂಬಿ ಸೈಟು ಮಲಗಿತ್ತು.

ಸಂಜೆ ಫೋನ್ ಮಾಡಿ ಹೇಳಿದ: "ಮಾವ, ಇದನ್ನ ನೀವೂ ಕಲಿತುಬಿಡಿ. ಪರೀಕ್ಷೆ ಹೊತ್ತಲ್ಲಿ ಹೀಗಾದ್ರೆ ನಾನು ಸಿಗಲ್ಲ. ನಿಮ್ಮ ಕಂಪ್ಯೂಟರಿಂದ ಎಸ್‌ಎಸ್‌ಎಚ್ ಮಾಡಿ ಒಳಗೆ ಹೋಗೋದು, ಅಷ್ಟೇ."

ಆ ಅಷ್ಟೇ ಅನ್ನೋದಕ್ಕೆ ನನಗೆ ನಾಲ್ಕು ಸಂಜೆ ಬೇಕಾದವು. ಸೈಟು ಕೂತಿರುವ ದೂರದ ಕಂಪ್ಯೂಟರೇ ಸರ್ವರ್. ನಡುವೆ ಯಾರೂ ಕದ್ದು ಓದಲಾಗದ ಹಾಗೆ ಇಲ್ಲಿಂದಲೇ ಅದರೊಳಗೆ ಹೋಗಿ ಆಜ್ಞೆ ಕೊಡುವ ದಾರಿ ಎಸ್‌ಎಸ್‌ಎಚ್.

ಮೊದಲ ಸಂಜೆ ಹಾಳಾಗಿದ್ದು ನನ್ನದೇ ಅವಸರದಿಂದ. ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯರೊಬ್ಬರನ್ನು ಕೇಳಿದೆ. "ಪುಟ್ಟಿ ಹಾಕ್ಕೊಳ್ಳಿ" ಅಂದರು. ಎಸ್‌ಎಸ್‌ಎಚ್ ಮಾಡಲು ಬಳಸುವ ಒಂದು ಪ್ರೋಗ್ರಾಂ ಅದು. ಹುಡುಕಿದರೆ ಮೇಲೇ ಒಂದು ಜಾಹೀರಾತು, ಅದರಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಬಟನ್. ಒತ್ತಿದೆ. ಆಂಟಿವೈರಸ್ ಕೂಗಾಡಿತು. ಪುಣ್ಯ, ಅಲ್ಲಿಗೇ ನಿಲ್ಲಿಸಿದೆ. ನಿಜವಾದ ಪುಟ್ಟಿ ಬರೆದವರು ಸೈಮನ್ ಟೇಥಮ್ ಅನ್ನುವ ಇಂಗ್ಲೆಂಡಿನವರು. 1999ರಿಂದ ಪುಕ್ಕಟೆಯಾಗಿ ಕೊಡುತ್ತಾ ಬಂದಿದ್ದಾರೆ. ಅವರ ಪುಟ ನೋಡೋಕೆ ತೀರಾ ಸಾದಾ, ಬಣ್ಣವಿಲ್ಲ, ಮಿಂಚುವ ಬಟನ್ ಇಲ್ಲ. ಅದನ್ನು ಹುಡುಕಿ ಇಳಿಸಿಕೊಂಡೆ. ತೆರೆದರೆ ಬೂದು ಬಣ್ಣದ ಪೆಟ್ಟಿಗೆ, ಎಡಗಡೆ ಉದ್ದಕ್ಕೆ ಆಯ್ಕೆಗಳ ಪಟ್ಟಿ. ಸರ್ವರ್ ವಿಳಾಸ ಹಾಕಿ ಓಪನ್ ಅಂದೆ. ಯಾವುದೂ ಹೊಂದುತ್ತಿಲ್ಲ ಅನ್ನೋ ಅರ್ಥದ ಇಂಗ್ಲಿಷ್ ಸಾಲೊಂದನ್ನು ತೋರಿಸಿ ಕೂತಿತು. "ಈ ಪುಟ್ಟಿ ಒಳಗೇ ಬಿಡ್ತಿಲ್ಲ" ಅಂತ ಫೋನಿನಲ್ಲಿ ಗೊಣಗುತ್ತಿದ್ದೆ. ಒಳಗಿಂದ ನಮ್ಮನೆಯವಳು "ಯಾವ ಪುಟ್ಟಿ?" ಅಂತ ಕೇಳಿದ್ದು ಹುಡುಗನಿಗೂ ಕೇಳಿಸಿತು. ಅವನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

"ಮಾವ, ಪುಟ್ಟಿ ಒಳ್ಳೇದೇ. ಆದ್ರೆ ಈಗ ಅದು ಬೇಕಾಗಿಲ್ಲ. ನಿಮ್ಮದು ವಿಂಡೋಸ್ 10 ಅಲ್ವಾ? ಅದರಲ್ಲೇ ಇದೆ."

ಹೌದು, ಇದೆ. 2018ರ ಏಪ್ರಿಲ್ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟಿನವರು ಓಪನ್‌ಎಸ್‌ಎಸ್‌ಎಚ್ ಅನ್ನು ವಿಂಡೋಸ್ ಜೊತೆಗೇ ಕೊಡುತ್ತಿದ್ದಾರೆ. ಲಿನಕ್ಸ್‌ನವರು ಬಳಸುವುದೂ ಇದನ್ನೇ. ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಟೈಪಿಸಿ, ಬಂದ ಕಪ್ಪು ಕಿಟಕಿಯಲ್ಲಿ ಎಸ್‌ಎಸ್‌ಎಚ್ ಅಂತ ಹೊಡೆದು ಎಂಟರ್ ಒತ್ತಿದರೆ ಹೇಗೆ ಬಳಸಬೇಕು ಅಂತ ನಾಲ್ಕಾರು ಸಾಲು ಬರಬೇಕು. (ಇಲ್ಲಿ ನಾನು ಕನ್ನಡದಲ್ಲಿ ಬರೆಯುವ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಬೇಕು.) ನನಗೆ ಬಂದದ್ದು "ಇಂಥದ್ದೊಂದು ಗೊತ್ತೇ ಇಲ್ಲ" ಅನ್ನುವ ಉತ್ತರ. ನನ್ನದು ಹಳೇ ವಿಂಡೋಸ್ ಮೇಲೆ ಅಪ್‌ಡೇಟ್ ಆಗುತ್ತಾ ಬಂದ ಯಂತ್ರ, ಅದರಲ್ಲಿ ಈ ಭಾಗ ಸೇರಿಕೊಂಡಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಆಪ್ಷನಲ್ ಫೀಚರ್ಸ್, ಅಲ್ಲಿ ಆ್ಯಡ್ ಎ ಫೀಚರ್ ಅಂತ ಒತ್ತಿದರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್, ಓಪನ್‌ಎಸ್‌ಎಸ್‌ಎಚ್ ಸರ್ವರ್ ಅಂತ ಎರಡಿವೆ. ಇರಲಿ ಅಂತ ಎರಡಕ್ಕೂ ಟಿಕ್ ಹಾಕಹೊರಟಿದ್ದೆ. ಹುಡುಗ ತಡೆದ. ಕ್ಲೈಂಟ್ ಅಂದರೆ ಇನ್ನೊಂದು ಮನೆಗೆ ಹೋಗುವವರು. ಸರ್ವರ್ ಅಂದರೆ ಬರುವವರಿಗೆ ಬಾಗಿಲು ತೆರೆದು ಕೂರುವವರು. ನನಗೆ ಯಾರೂ ಬರಬೇಕಾಗಿಲ್ಲ, ಕ್ಲೈಂಟ್ ಒಂದೇ ಸಾಕು.

ಅದು ಇಳಿದು ಕೂರುವಷ್ಟರಲ್ಲಿ ಕರೆಂಟ್ ಹೋಯಿತು. ಅವತ್ತಿಗೆ ಮುಗಿಯಿತು.

ಎರಡನೇ ಸಂಜೆ ಕೀಲಿಯದ್ದು. ಹುಡುಗನ ಸರ್ವರ್ ಪಾಸ್‌ವರ್ಡ್ ತಗೊಳ್ಳುವುದಿಲ್ಲ. ಹಗಲೂ ರಾತ್ರಿ ಯಾರ್ಯಾರೋ ಪಾಸ್‌ವರ್ಡ್ ಊಹಿಸುತ್ತಾ ಬಾಗಿಲು ಬಡಿಯುತ್ತಲೇ ಇರುತ್ತಾರಂತೆ. ಅದಕ್ಕೆ ಪಾಸ್‌ವರ್ಡ್ ದಾರಿಯನ್ನೇ ಮುಚ್ಚಿ, ಕೀಲಿ ಇದ್ದವರಿಗೆ ಮಾತ್ರ ಪ್ರವೇಶ ಅಂತ ಮಾಡಿದ್ದ. ಹಿಂದಿನ ದಿನ ಪುಟ್ಟಿ ಒಳಗೆ ಬಿಡದೇ ಇದ್ದದ್ದೂ ಇದಕ್ಕೇ.

ಎಸ್‌ಎಸ್‌ಎಚ್-ಕೀಜೆನ್ ಅಂತ ಹೊಡೆದು, ಜಾಗ ಬಿಟ್ಟು, ಅಡ್ಡಗೆರೆ ಟಿ, ಮತ್ತೆ ಜಾಗ ಬಿಟ್ಟು ಇಡಿ25519 ಅಂತ ಹೊಡೆಯಲು ಹೇಳಿದ. ಇದು ಹೊಸ ಕೀಲಿ ಮಾಡುವ ಆಜ್ಞೆ, ಇಡಿ25519 ಅನ್ನುವುದು ಕೀಲಿಯ ಒಂದು ಬಗೆ. ಎಲ್ಲಿ ಇಡಲಿ ಅಂತ ಕೇಳಿತು, ಸುಮ್ನೆ ಎಂಟರ್ ಒತ್ತಿದೆ. ಆಮೇಲೆ ಪಾಸ್‌ಫ್ರೇಸ್, ಅಂದರೆ ಆ ಕೀಲಿಗೇ ಹಾಕುವ ಗುಟ್ಟಿನ ಪದ, ಕೇಳಿತು. ನಾನು ಟೈಪ್ ಮಾಡುತ್ತಿದ್ದೇನೆ, ಪರದೆ ಮೇಲೆ ಏನೂ ಇಲ್ಲ. ಅಕ್ಷರ ಬೇಡ, ಚುಕ್ಕಿಯೂ ಇಲ್ಲ. ಕೀಬೋರ್ಡ್ ಕೈಕೊಟ್ಟಿತು ಅಂದುಕೊಂಡು ಯುಎಸ್‌ಬಿ ಕಿತ್ತು ಮತ್ತೆ ಸಿಕ್ಕಿಸಿದೆ. ಇದು ಹೀಗೇ ಅಂತೆ. ಬೆನ್ನ ಹಿಂದೆ ನಿಂತವರಿಗೆ ಎಷ್ಟು ಅಕ್ಷರ ಅನ್ನುವುದೂ ಗೊತ್ತಾಗಬಾರದು ಅಂತ. ಮೊದಲೇ ಒಂದು ಮಾತು ಹೇಳಬಹುದಿತ್ತು.

"ಈಗ ಪಬ್ಲಿಕ್ ಕೀ ನನಗೆ ವಾಟ್ಸಾಪ್ ಮಾಡಿ, ಸರ್ವರ್‌ಗೆ ಹಾಕ್ತೀನಿ" ಅಂದ.

ಫೋಲ್ಡರ್ ತೆರೆದೆ. ಐಡಿ_ಇಡಿ25519 ಅನ್ನುವ ಒಂದೇ ಹೆಸರಿನ ಎರಡು ಫೈಲು. ವಿಂಡೋಸ್ ಬಾಲವನ್ನು, ಅಂದರೆ ಚುಕ್ಕಿಯ ನಂತರ ಬರುವುದನ್ನು, ಅಡಗಿಸಿ ತೋರಿಸುತ್ತದಲ್ಲ. ಒಂದರ ಮುಂದೆ ಬರೀ ಫೈಲ್ ಅಂತಿತ್ತು. ಇನ್ನೊಂದರ ಮುಂದೆ ಏನಿತ್ತು ಗೊತ್ತಾ? ಮೈಕ್ರೋಸಾಫ್ಟ್ ಪಬ್ಲಿಷರ್ ಡಾಕ್ಯುಮೆಂಟ್! ಪಬ್ಲಿಕ್ ಕೀ ಫೈಲಿನ ಬಾಲ ಪಬ್. ಪಬ್ಲಿಷರ್ ಫೈಲಿನ ಬಾಲವೂ ಅದೇ. ನಾನು ಡಿಟಿಪಿಯವನು, ಪಬ್ಲಿಷರ್ ನನ್ನ ಯಂತ್ರದಲ್ಲಿ ಇದ್ದೇ ಇದೆ. ಇದ್ಯಾವುದೋ ಹಳೇ ಕಾರ್ಡಿನ ಫೈಲು ತಪ್ಪಿ ಇಲ್ಲಿ ಬಂದು ಬಿದ್ದಿದೆ ಅಂದುಕೊಂಡೆ. ಎರಡು ಸಲ ಒತ್ತಿದೆ, ಪಬ್ಲಿಷರ್ ತೆರೆದು ನನ್ನಿಂದಾಗದು ಅಂತು. ಸರಿ, ಕೆಟ್ಟಿದೆ. ಹಾಗಾದರೆ ಇನ್ನೊಂದೇ ಕೀ ಇರಬೇಕು. ಅದನ್ನೇ ಕಳಿಸಿದೆ.

ಎರಡು ನಿಮಿಷ ಸುದ್ದಿಯಿಲ್ಲ. ಆಮೇಲೆ ಫೋನ್.

"ಮಾವ, ಬೀಗ ಕಳಿಸಿ ಅಂದ್ರೆ ಕೀಲಿಕೈ ಕಳಿಸಿದ್ದೀರಲ್ಲ!"

ಬೈಸಿಕೊಂಡದ್ದು ಬೈಸಿಕೊಂಡೆ. ಆದರೆ ನನಗೆ ವಿಷಯ ಅರ್ಥವಾಗಿದ್ದು ಆ ಒಂದು ಮಾತಿನಿಂದಲೇ. ಅಲ್ಲಿಯ ತನಕ ಪಬ್ಲಿಕ್ ಕೀ, ಪ್ರೈವೇಟ್ ಕೀ ಅಂತ ಅವನು ಹತ್ತು ಸಲ ಹೇಳಿದರೂ ತಲೆಗೆ ಹೋಗಿರಲಿಲ್ಲ. ಎರಡಕ್ಕೂ ಕೀ ಅಂತ ಹೆಸರಿಟ್ಟವರು ಯಾರೋ ಏನೋ. ಒಂದು ಕೀಲಿಕೈ, ಇನ್ನೊಂದು ಬೀಗ. ಬೀಗವನ್ನು ಎಷ್ಟು ಬಾಗಿಲಿಗೆ ಬೇಕಾದರೂ ಹಾಕಿಸಿಕೊಳ್ಳಬಹುದು, ಬೀದಿಯಲ್ಲಿ ಹಂಚಿದರೂ ತೊಂದರೆ ಇಲ್ಲ. ಅದನ್ನು ನೋಡಿ ಕೀಲಿಕೈ ಮಾಡಲಾಗುವುದಿಲ್ಲ. ಕೀಲಿಕೈ ಮಾತ್ರ ನನ್ನ ಯಂತ್ರ ಬಿಟ್ಟು ಆಚೆ ಹೋಗಬಾರದು, ಅಕ್ಕನ ಮಗನಿಗೂ ಸಹ. ಆ ಜೋಡಿಯನ್ನು ಅಳಿಸಿ ಹೊಸದು ಮಾಡಿದೆ. ಪಾಸ್‌ಫ್ರೇಸ್ ಇದ್ದದ್ದರಿಂದ ಅದೊಂದೇ ಸಿಕ್ಕರೆ ಯಾರಿಗೂ ಉಪಯೋಗವಿರಲಿಲ್ಲ, ಆದರೂ ವಾಟ್ಸಾಪ್‌ನಲ್ಲಿ ಹೋದ ಕೀಲಿಯನ್ನು ನಂಬಬಾರದು ಅಂದ.

ಗುರುತಿಸುವುದು ಸುಲಭ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಬೀಗ ಒಂದೇ ಸಾಲು, ಎಸ್‌ಎಸ್‌ಎಚ್-ಇಡಿ25519 ಅಂತ ಶುರುವಾಗುತ್ತದೆ. ಕೀಲಿಕೈ ನಾಲ್ಕಾರು ಸಾಲು, ಮೊದಲ ಸಾಲಿನಲ್ಲೇ ಪ್ರೈವೇಟ್ ಕೀ ಅಂತ ದೊಡ್ಡಕ್ಷರದಲ್ಲಿ ಇರುತ್ತದೆ. ಮೊದಲೇ ತೆರೆದು ನೋಡಿದ್ದರೆ ಬೈಗುಳ ತಪ್ಪುತ್ತಿತ್ತು.

ಮೂರನೇ ಸಂಜೆ ನನ್ನ ಹಳೇ ಚಾಳಿ ಕಾಟ ಕೊಟ್ಟಿತು. ಡಿಟಿಪಿಯವರನ್ನು ಯಾರನ್ನೇ ಕೇಳಿ, ಮುಖ್ಯವಾದದ್ದೆಲ್ಲ ಡಿ ಡ್ರೈವ್‌ನಲ್ಲಿ ಇರುತ್ತದೆ. ಸಿ ಯಾವಾಗ ಫಾರ್ಮ್ಯಾಟ್ ಆಗುತ್ತೋ ಹೇಳೋಕಾಗಲ್ಲ. ಕೀಲಿಕೈ ಅಷ್ಟು ಮುಖ್ಯ ಅಂತಾದ ಮೇಲೆ ಅದನ್ನೂ ಡಿಗೆ ಸಾಗಿಸಿದೆ. ಈಗ ಅದಿರುವ ಜಾಗ ತೋರಿಸಿ ಎಸ್‌ಎಸ್‌ಎಚ್-ಕೀಜೆನ್‌ನಿಂದ ಓದಿಸಿದರೆ ಪರದೆ ತುಂಬ ಅಟ್ ಚಿಹ್ನೆಗಳ ಚೌಕಟ್ಟು, ಒಳಗೆ ದೊಡ್ಡಕ್ಷರದಲ್ಲಿ ಎಚ್ಚರಿಕೆ. ನಿಮ್ಮ ಕೀಲಿಕೈಗೆ ಕಾವಲಿಲ್ಲ, ಬೇರೆಯವರೂ ಓದಬಹುದು, ಆದ್ದರಿಂದ ನಾನು ಮುಟ್ಟುವುದಿಲ್ಲ ಅಂತ. ಸಿ ಡ್ರೈವ್‌ನಲ್ಲಿ ನಮ್ಮ ಹೆಸರಿನ ಫೋಲ್ಡರ್ ಒಳಗಿರುವುದು ನಮ್ಮ ಲಾಗಿನ್‌ಗೆ ಮಾತ್ರ ಸೇರಿದ್ದು. ಡಿ ಡ್ರೈವ್ ಹಾಗಲ್ಲ, ಅದು ಊರ ಕಟ್ಟೆ ಇದ್ದ ಹಾಗೆ, ಆ ಯಂತ್ರಕ್ಕೆ ಲಾಗಿನ್ ಆದ ಯಾರು ಬೇಕಾದರೂ ತೆಗೆದು ನೋಡಬಹುದು. ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯುರಿಟಿಯಲ್ಲಿ ಇನ್‌ಹೆರಿಟೆನ್ಸ್ (ಮೇಲಿನ ಫೋಲ್ಡರಿಂದ ತಾನಾಗೇ ಬರುವ ಅನುಮತಿ) ತೆಗೆದು, ನನ್ನೊಬ್ಬನ ಹೆಸರು ಉಳಿಸಿದರೆ ಅಲ್ಲೇ ಇಡಬಹುದಿತ್ತು. ನಾನು ತೆಪ್ಪಗೆ ವಾಪಸ್ ಸಿಗೆ ಹಾಕಿದೆ, ನನ್ನ ಫೋಲ್ಡರಿನೊಳಗಿನ ಡಾಟ್ ಎಸ್‌ಎಸ್‌ಎಚ್ ಅನ್ನುವ ಫೋಲ್ಡರಿಗೆ. ಅದರ ನಕಲೊಂದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟು ಬೀರುವಿನಲ್ಲಿ ಇಟ್ಟಿದ್ದೇನೆ.

ಆಮೇಲೆ ಒಳಗೆ ಹೋಗುವ ಆಜ್ಞೆ ಹೊಡೆದೆ. ಎಸ್‌ಎಸ್‌ಎಚ್, ಬಳಕೆದಾರ ಹೆಸರು, ಅಟ್ ಚಿಹ್ನೆ, ಸರ್ವರಿನ ಐಪಿ, ಅಂದರೆ ಅದರ ಅಂಕಿಯ ವಿಳಾಸ. ಕರ್ಸರ್ ಮಿಣಮಿಣ ಅಂತಿತ್ತು. ಸುಮಾರು ಹೊತ್ತಾದ ಮೇಲೆ ಕನೆಕ್ಷನ್ ಟೈಮ್ಡ್ ಔಟ್. ಐಪಿಯಲ್ಲಿ ಒಂದು ಅಂಕಿ ತಪ್ಪಿದ್ದೆ. ಆದರೆ ಈ ನೆಪದಲ್ಲಿ ಹುಡುಗ ಹೇಳಿಕೊಟ್ಟದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಟೈಮ್ಡ್ ಔಟ್ ಅಂದರೆ ಕೂಗಿದೆ, ಯಾರೂ ಓಗೊಡಲಿಲ್ಲ: ವಿಳಾಸ ತಪ್ಪು, ಇಲ್ಲಾ ನಡುವೆ ತಡೆಯುವ ಫೈರ್‌ವಾಲ್. ರೆಫ್ಯೂಸ್ಡ್ ಅಂದರೆ ಮನೆ ಸಿಕ್ಕಿತು, ನಾನು ಬಡಿದ ಬಾಗಿಲ ಹಿಂದೆ ಯಾರೂ ಇಲ್ಲ: ಪೋರ್ಟ್, ಅಂದರೆ ಬಾಗಿಲಿನ ನಂಬರು, ತಪ್ಪು, ಇಲ್ಲಾ ಅಲ್ಲಿ ಎಸ್‌ಎಸ್‌ಎಚ್ ಓಡುತ್ತಿಲ್ಲ. ಪರ್ಮಿಷನ್ ಡಿನೈಡ್ ಅಂದರೆ ಬಾಗಿಲು ತೆಗೆದು ಮುಖ ನೋಡಿ ಒಳಗೆ ಬಿಡಲಿಲ್ಲ: ಹೆಸರು ಅಥವಾ ಕೀಲಿ ತಪ್ಪು. ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಕೀಲಿ ಬದಲಾಯಿಸುತ್ತಾ ಕೂತರೆ ಬೆಳಗಾಗುತ್ತದೆ.

ಸರಿಯಾದ ಐಪಿ ಹಾಕಿದಾಗ ಒಂದು ಪ್ರಶ್ನೆ ಬಂತು. ಈ ಯಂತ್ರವನ್ನು ನಾನು ಹಿಂದೆ ಕಂಡಿಲ್ಲ, ಇದರ ಬೆರಳಚ್ಚು ಇಂತಿಂಥದ್ದು, ಮುಂದುವರಿಯಲಾ ಅಂತ. ನಾನು ವೈ ಅಂತ ಒತ್ತಿದೆ. ಆಗಲ್ಲವಂತೆ, ಯೆಸ್ ಅಂತ ಮೂರೂ ಅಕ್ಷರ ಹೊಡೆಯಬೇಕಂತೆ. "ತಡೀರಿ ಮಾವ" ಅಂತ ಹುಡುಗ ತನ್ನ ಕಡೆಯಿಂದ ಬೆರಳಚ್ಚು ಓದಿದ. ದೊಡ್ಡ ಎ, ಸಣ್ಣ ಕ್ಯೂ, ಏಳು, ಪ್ಲಸ್ ಅಂತ ಒಂದೊಂದೇ ಅಕ್ಷರ. ನಾನು ಪ್ರೂಫ್ ತಿದ್ದುವವನ ಹಾಗೆ ಪರದೆಗೆ ಬೆರಳಿಟ್ಟು ಹ್ಞೂಂ ಹ್ಞೂಂ ಅಂದೆ. ಇಷ್ಟೆಲ್ಲ ಯಾಕೆ ಅಂದರೆ ಕತೆ ಹೇಳಿದ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕದ್ದು ಕೂತು, ಹಾದುಹೋಗುವ ಪಾಸ್‌ವರ್ಡ್‌ಗಳನ್ನೆಲ್ಲ ಹಿಡಿದಿದ್ದರಂತೆ. ಆಗ ಬಳಸುತ್ತಿದ್ದ ಟೆಲ್ನೆಟ್‌ನಲ್ಲಿ ಎಲ್ಲವೂ ಪೋಸ್ಟ್ ಕಾರ್ಡಿನ ಹಾಗೆ ಬಿಚ್ಚಿಟ್ಟೇ ಹೋಗುತ್ತಿತ್ತು. ಅಲ್ಲಿದ್ದ ತಾತು ಯುಲೋನೆನ್ ಅನ್ನುವವರು ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು. ಫೈಲು ಸಾಗಿಸುವ ಎಫ್‌ಟಿಪಿಗೆ ಬಾಗಿಲಿನ ನಂಬರು 21, ಟೆಲ್ನೆಟ್‌ಗೆ 23, ನಡುವೆ 22 ಖಾಲಿ ಇತ್ತು. ಅದನ್ನು ಕೇಳಿ ಪಡೆದರು. ಎಸ್‌ಎಸ್‌ಎಚ್ ಬಾಗಿಲಿನ ನಂಬರು ಇವತ್ತಿಗೂ 22.

ಯೆಸ್ ಹೊಡೆದೆ. ಪಾಸ್‌ಫ್ರೇಸ್ ಕೊಟ್ಟೆ. ಸರ್ವರಿನ ಹೆಸರು, ಡಾಲರ್ ಚಿಹ್ನೆ, ಮಿಣುಕುವ ಕರ್ಸರ್. ಒಳಗಿದ್ದೆ.

ಏನು ಮಾಡಬೇಕು ಅಂತ ಗೊತ್ತಿರಲಿಲ್ಲ, ಅದು ಬೇರೆ ಮಾತು. ಹುಡುಗ ಹೇಳಿದ ಹಾಗೆ ಫೈಲುಗಳ ಪಟ್ಟಿ ತೆಗೆದೆ. ಉದ್ದಕ್ಕೆ ಓಡಿತು. ಅಷ್ಟರಲ್ಲಿ ಕಿಟಕಿ ಕಲ್ಲಾಯಿತು. ಏನು ಒತ್ತಿದರೂ ಮಿಸುಕಾಡಲಿಲ್ಲ. ಮುಚ್ಚಿ ತೆರೆದೆ, ಸ್ವಲ್ಪ ಹೊತ್ತಿಗೆ ಮತ್ತೆ ಕಲ್ಲು. ಮೂರನೇ ಸಲ ನನ್ನ ಕೈಯನ್ನೇ ನೋಡಿಕೊಂಡೆ. ಎಡಗೈ ತಾನಾಗೇ ಕಂಟ್ರೋಲ್ ಎಸ್ ಒತ್ತುತ್ತಿತ್ತು! ಮಲೆನಾಡಿನ ಮಳೆಗಾಲದಲ್ಲಿ ಪೇಜ್‌ಮೇಕರ್ ಬಳಸಿದವರಿಗೆ ಗೊತ್ತು, ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತೋ ಅಂತ ಎರಡು ನಿಮಿಷಕ್ಕೊಮ್ಮೆ ಸೇವ್ ಮಾಡುತ್ತಲೇ ಇರುತ್ತೇವೆ. ಇಲ್ಲಿ ಕಂಟ್ರೋಲ್ ಎಸ್ ಅಂದರೆ ನಿಲ್ಲು ಅಂತ. ಕಂಟ್ರೋಲ್ ಕ್ಯೂ ಒತ್ತಿದರೆ ಮತ್ತೆ ಹೊರಡುತ್ತದೆ. ಈ ಚಾಳಿ ನನಗಿನ್ನೂ ಪೂರ್ತಿ ಹೋಗಿಲ್ಲ, ಕ್ಯೂ ಒತ್ತುವುದು ಮಾತ್ರ ಅಭ್ಯಾಸ ಆಗಿದೆ.

ಪಟ್ಟಿಯಲ್ಲಿ ನನ್ನದೇ ಲಗ್ನಪತ್ರಿಕೆ ಅನ್ನುವ ಫೋಲ್ಡರ್ ಇತ್ತು, ಕನ್ನಡ ಹೆಸರು. ಕಪ್ಪು ಕಿಟಕಿಯಲ್ಲಿ ಅದು ಬರೀ ಚೌಕಗಳಾಗಿ ಕಂಡಿತು. ವಿಂಡೋಸ್ ಟರ್ಮಿನಲ್ ಅನ್ನುವ ಹೊಸ ಕಿಟಕಿಯನ್ನು ಸ್ಟೋರಿನಿಂದ ಹಾಕಿಕೊಂಡ ಮೇಲೆ ಅಕ್ಷರ ಬಂದವು, ಆದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿತ್ತು. ಒಂದಕ್ಷರಕ್ಕೆ ಒಂದು ಮನೆ ಅಂತ ಲೆಕ್ಕ ಹಾಕುವ ಕಿಟಕಿಯಲ್ಲಿ ನಮ್ಮ ಗ್ನ, ತ್ರಿ ಎಲ್ಲಿ ಕೂರಬೇಕು ಪಾಪ. ಅಕ್ಷರ ಜೋಡಿಸಿ ಹೊಟ್ಟೆ ಹೊರೆಯುವ ನನಗೆ ಅದನ್ನು ನೋಡಲಾಗಲಿಲ್ಲ. ಅಲ್ಲಿನ ಫೋಲ್ಡರ್ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿಬಿಟ್ಟೆ.

ನಾಲ್ಕನೇ ಸಂಜೆಯನ್ನು ನಾನು ಸ್ವಲ್ಪ ಜಾಸ್ತಿಯೇ ಹೇಳಿಕೊಳ್ಳುತ್ತೇನೆ, ಕ್ಷಮಿಸಿ. ಪ್ರತಿ ಸಲ ಐಪಿ ಹೊಡೆಯುವ ಬದಲು ಕಾನ್ಫಿಗ್ ಅನ್ನುವ ಫೈಲಿನಲ್ಲಿ ಬರೆದಿಟ್ಟರೆ ಎಸ್‌ಎಸ್‌ಎಚ್ ಅಂಗಡಿ ಅಂದರೆ ಸಾಕು ಅಂದ ಹುಡುಗ. ಐದು ಸಾಲು: ಅಡ್ಡಹೆಸರು, ನಿಜವಾದ ವಿಳಾಸ, ಬಳಕೆದಾರ, ಕೀಲಿಕೈ ಇರುವ ಜಾಗ, ಮತ್ತೆ ಸರ್ವರ್‌ಅಲೈವ್‌ಇಂಟರ್ವಲ್ 60. ಕೊನೆಯದು ಯಾಕೆ ಅಂದರೆ, ಗಿರಾಕಿ ಬಂದರು ಅಂತ ಎದ್ದು ಹೋಗಿ ವಾಪಸ್ ಬರುವಷ್ಟರಲ್ಲಿ ಸಂಪರ್ಕ ಸತ್ತಿರುತ್ತಿತ್ತು. ಈ ಸಾಲು ಇದ್ದರೆ ಆಚೆ ಕಡೆಯಿಂದ ಏನೂ ಬಾರದೆ ಒಂದು ನಿಮಿಷ ಆದಾಗ ಇದೇ ಒಮ್ಮೆ ಇದ್ದೀಯಾ ಅಂತ ಕೇಳುತ್ತದೆ, ನಡುವಿನ ದಾರಿ ಮುಚ್ಚುವುದಿಲ್ಲ.

ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸಿದೆ. ಅದು ಬೆನ್ನ ಹಿಂದೆ ಟಿಎಕ್ಸ್‌ಟಿ ಬಾಲ ಅಂಟಿಸಿತ್ತು, ಎಸ್‌ಎಸ್‌ಎಚ್ ಅದನ್ನು ನೋಡಲೇ ಇಲ್ಲ. ಸರಿ, ಆಜ್ಞೆ ಹೊಡೆಯುವ ಇನ್ನೊಂದು ಕಿಟಕಿಯಾದ ಪವರ್‌ಶೆಲ್‌ನಲ್ಲೇ ಬರೆಯೋಣ ಅಂತ ಹುಡುಗ ಹೇಳಿಕೊಟ್ಟ, ಎಕೋ ಅಂತ ಹೊಡೆದು ಬಾಣದ ಗುರುತಿನಿಂದ ಫೈಲಿಗೆ ತಳ್ಳುವುದು. ಈಗ ಬೇರೆ ತಕರಾರು. ಮೊದಲ ಸಾಲೇ ತಪ್ಪು ಅಂತ. ತಪ್ಪಾದ ಪದ ಯಾವುದು ಅಂದರೆ 377, 376 ಅನ್ನುವ ಎರಡು ಅಂಕಿ, ಆಮೇಲೆ ಎಚ್ ಅಕ್ಷರ. ಹುಡುಗ ತಲೆ ಕೆರೆದುಕೊಂಡ. ಅವನು ಲಿನಕ್ಸ್‌ನವನು, ಇಂಥದ್ದು ಕಂಡವನಲ್ಲ. ನಾನು ಬರೆಯದ ಅಕ್ಷರ ಫೈಲಿನ ತಲೆಯಲ್ಲಿ ಬಂದು ಕೂತಿದೆ ಅಂದ ಕೂಡಲೇ ನನಗೆ ವಾಸನೆ ಹತ್ತಿತು. ನುಡಿಯ ಹಳೇ ಫಾಂಟಿನಲ್ಲಿ ಹೊಡೆದದ್ದನ್ನು ಯೂನಿಕೋಡ್‌ಗೆ ತರುವಾಗ ಇಂಥ ಪ್ರೇತಗಳನ್ನು ಎಷ್ಟು ನೋಡಿಲ್ಲ! ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೆಳಗಿನ ಮೂಲೆ ನೋಡಿದೆ. ಯುಟಿಎಫ್-16 ಅಂತಿತ್ತು, ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಒಂದು ಕ್ರಮ ಅದು. ವಿಂಡೋಸ್ ಜೊತೆ ಬರುವ ಪವರ್‌ಶೆಲ್ ಬಾಣ ಬಳಸಿ ಬರೆದರೆ ಹಾಗೇ ಬರೆಯುತ್ತದೆ, ಮೊದಲಿಗೆ ಎರಡು ಗುರುತಿನ ಬೈಟ್ ಬೇರೆ ಇಡುತ್ತದೆ. ಸೇವ್ ಆ್ಯಸ್ ಒತ್ತಿ, ಎನ್‌ಕೋಡಿಂಗ್ ಯುಟಿಎಫ್-8 ಮಾಡಿ, ಆಲ್ ಫೈಲ್ಸ್ ಆರಿಸಿ, ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು ಉಳಿಸಿದೆ. ಎಸ್‌ಎಸ್‌ಎಚ್ ಅಂಗಡಿ. ಒಳಗೆ ಹೋಯಿತು.

"ಮಾವ, ಇದು ನಿಮಗೆ ಹೇಗೆ ಗೊತ್ತಾಯ್ತು?" ಅಂದ.

"ನೀನು ಹುಟ್ಟೋಕೆ ಮುಂಚಿಂದ ಅಕ್ಷರ ಜೋಡಿಸ್ತಾ ಇದ್ದೀನಿ ಮಾರಾಯ" ಅಂದೆ.

ಪಿಡಿಎಫ್ ಮತ್ತು ಚಿತ್ರಗಳನ್ನು ಏರಿಸುವುದಕ್ಕೆ ವಿನ್‌ಎಸ್‌ಸಿಪಿ ಹಾಕಿಕೊಂಡಿದ್ದೇನೆ. ಎಡಕ್ಕೆ ನನ್ನ ಯಂತ್ರ, ಬಲಕ್ಕೆ ಸರ್ವರ್, ಎಳೆದು ಬಿಟ್ಟರಾಯಿತು. ಅದು ನನ್ನ ಕೀಲಿಕೈಯನ್ನು ಪುಟ್ಟಿಯ ಪಿಪಿಕೆ ರೂಪಕ್ಕೆ ಬದಲಾಯಿಸಲಾ ಅಂತ ಕೇಳಿತು, ಹ್ಞೂಂ ಅಂದೆ. ಹೀಗೆ ಪುಟ್ಟಿ ಹಿಂಬಾಗಿಲಿಂದ ಮನೆಗೆ ಬಂದೇ ಬಂದಳು.

ಅಕ್ಟೋಬರಿನಲ್ಲಿ ಡಿಸ್ಕ್ ಮತ್ತೆ ತುಂಬಿತು. ಹುಡುಗ ಪರೀಕ್ಷೆಯಲ್ಲಿದ್ದ. ಡಿಸ್ಕ್ ಎಷ್ಟು ತುಂಬಿದೆ ಅಂತ ಡಿಎಫ್ ಅಡ್ಡಗೆರೆ ಎಚ್ ಹೊಡೆದು ನೋಡಿದೆ, ನೂರಕ್ಕೆ ನೂರು. ಎರಡು ತಿಂಗಳ ಹಳೆಯ ಬ್ಯಾಕಪ್‌ಗಳನ್ನು ಒಂದೊಂದೇ ಹೆಸರು ಓದಿ ಅಳಿಸಿದೆ. ನಕ್ಷತ್ರ ಚಿಹ್ನೆ ಹಾಕಿ ಒಟ್ಟಿಗೇ ಅಳಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಸಂಕ್ರಾಂತಿ ಮುಗಿದ ವಾರ ಎಸ್‌ಎಸ್‌ಎಚ್ ಅಂಗಡಿ ಅಂದಾಗ ಮತ್ತೆ ಅಟ್ ಚಿಹ್ನೆಗಳ ಚೌಕಟ್ಟು. ಈ ಸಲ ಬೇರೆ ಮಾತು: ಆಚೆ ಯಂತ್ರದ ಗುರುತು ಬದಲಾಗಿದೆ, ಯಾರೋ ನಡುವೆ ಕೂತು ಕದ್ದು ಕೇಳುತ್ತಿರಬಹುದು. ಹೇಗೆ ದಾಟುವುದು ಅಂತ ಹುಡುಕಿದರೆ ಸಿಗುತ್ತಿತ್ತು. ಕೀಜೆನ್‌ಗೆ ದೊಡ್ಡ ಆರ್ ಸೇರಿಸಿ ವಿಳಾಸ ಕೊಟ್ಟರೆ ಹಳೇ ಗುರುತು ಅಳಿಸಿಹೋಗುತ್ತದೆ, ಆಮೇಲೆ ಯೆಸ್ ಅಂದರಾಯಿತು. ನಾನು ಏನನ್ನೂ ಮುಟ್ಟದೆ ಜರ್ಮನಿಗೆ ಫೋನ್ ಮಾಡಿದೆ.

"ಅಯ್ಯೋ ಹೌದು ಮಾವ, ನಿನ್ನೆ ರಾತ್ರಿ ಸರ್ವರ್ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಹೇಳೋಕೆ ಮರೆತೆ."

"ಮನೆ ಕೆಡವಿ ಕಟ್ಟಿದವನು ಒಂದು ಮಾತು ಹೇಳಬೇಡ್ವೇನೋ?"

ಅವನು ಹೊಸ ಬೆರಳಚ್ಚು ಓದತೊಡಗಿದ. ಸಣ್ಣ ಟಿ, ಒಂಬತ್ತು, ದೊಡ್ಡ ಡಬ್ಲ್ಯೂ. ನಾನು ಪರದೆಗೆ ಬೆರಳಿಟ್ಟು ಹ್ಞೂಂ ಅಂದೆ.